ಕೂಗಾಡದ ಬಾಸ್

ಪ್ರಶ್ನೆ: ‘ಆಫೀಸ್ ಸ್ಪೇಸ್’ ನೋಡಿದೆ. ಅದರಲ್ಲಿ ಬಾಸ್ ಒಂದು ಸಲವೂ ಕೂಗಾಡುವುದಿಲ್ಲ. ಆದರೂ ಅವನನ್ನು ಕಂಡರೆ ಮೈ ಉರಿಯುತ್ತದೆ. ಯಾಕೆ? ಬಿಡುಗಡೆಯಾದಾಗ ಈ ಸಿನಿಮಾ ಓಡಲಿಲ್ಲವಂತೆ, ನಿಜವಾ?
– ಹೆಸರು ಹಾಕಬೇಡಿ ಎಂದ ಓದುಗರು

ಉತ್ತರ: ಕೂಗಾಡದೇ ಇರುವುದೇ ಅವನ ವಿದ್ಯೆ ಕಣ್ರೀ. ಬೈದರೆ ತಿರುಗಿ ಬೈಯಬಹುದು. ಬಿಲ್ ಲಂಬರ್ಗ್ ಕಾಫಿ ಮಗ್ ಹಿಡಿದು ಬರುತ್ತಾನೆ, ರಾಗ ಎಳೆಯುತ್ತಾ ಶನಿವಾರ ಕೆಲಸಕ್ಕೆ ಬಾ ಅನ್ನುತ್ತಾನೆ, ಜೊತೆಗೆ ಭಾನುವಾರವನ್ನೂ ಸೇರಿಸಿಬಿಡುತ್ತಾನೆ. ಅವನಿಗೆ ಏನಂತ ಹೇಳುತ್ತೀರಿ? ಗ್ಯಾರಿ ಕೋಲ್ ಆ ಪಾತ್ರವನ್ನು ಅರೆನಿದ್ದೆಯಲ್ಲಿದ್ದಂತೆ ಮಾಡಿದ್ದಾರೆ. ಅದೇ ಮಜಾ.

ಅವನ ಕೈಕೆಳಗಿನ ನೌಕರ, ಸಿನಿಮಾದ ನಾಯಕ ಪೀಟರ್ ಮಾಡಿದ ತಪ್ಪಾದರೂ ಏನು? ಟಿಪಿಎಸ್ ರಿಪೋರ್ಟ್ ಎಂಬ ಆಫೀಸಿನ ಮಾಮೂಲಿ ವರದಿಗೆ ಹೊಸ ಕವರ್ ಶೀಟ್ ಹಾಕಲಿಲ್ಲ. ಅಷ್ಟಕ್ಕೇ ಒಬ್ಬರಾದ ಮೇಲೆ ಒಬ್ಬರು ಬಂದು ಬುದ್ಧಿ ಹೇಳುತ್ತಾರೆ. ಅವನಿಗೆ ಎಂಟು ಜನ ಬಾಸ್‌ಗಳು! ಇದನ್ನೆಲ್ಲ, ತಾನು ಕೆಲಸ ಮಾಡುವುದೇ ಅಪರೂಪ ಎನ್ನುವುದನ್ನೂ, ಯಾರನ್ನು ಕೆಲಸದಿಂದ ತೆಗೆಯಬೇಕೆಂದು ನೋಡಲು ಬಂದ ಕನ್ಸಲ್ಟೆಂಟ್‌ಗಳ ಮುಂದೆ ಇದ್ದದ್ದು ಇದ್ದ ಹಾಗೆ ಹೇಳಿಬಿಡುತ್ತಾನೆ. ಸೋಮಾರಿಗೆ ಬಡ್ತಿ, ನೆಟ್ಟಗೆ ದುಡಿಯುವ ಅವನ ಇಬ್ಬರು ಗೆಳೆಯರಿಗೆ ಗೇಟ್‌ಪಾಸ್.

ಆದರೆ ನನ್ನ ಹೀರೋ ಪೀಟರ್ ಅಲ್ಲ, ಅದೇ ಆಫೀಸಿನ ಮಿಲ್ಟನ್. ಅವನನ್ನು ಕೆಲಸದಿಂದ ತೆಗೆದು ವರ್ಷಗಳೇ ಆಗಿವೆ, ಯಾರೂ ಅವನಿಗೆ ಹೇಳಿಲ್ಲ. ಲೆಕ್ಕದ ತಪ್ಪಿನಿಂದ ಸಂಬಳ ಮಾತ್ರ ಬರುತ್ತಲೇ ಇದೆ. ಕನ್ಸಲ್ಟೆಂಟ್‌ಗಳು ಏನು ಮಾಡುತ್ತಾರೆ? ಸಂಬಳ ನಿಲ್ಲಿಸುತ್ತಾರೆ, ವಿಷಯ ಆಗಲೂ ಹೇಳುವುದಿಲ್ಲ. ಸುಮ್ನೆ ಯಾಕೆ ಜಗಳ, ಅಲ್ವಾ? ಅವನ ಮೇಜನ್ನು ತಳ್ಳುತ್ತಾ ತಳ್ಳುತ್ತಾ ನೆಲಮಾಳಿಗೆಗೆ ಇಳಿಸುತ್ತಾರೆ. ಕೆಂಪು ಸ್ಟೇಪ್ಲರನ್ನೂ ಕಿತ್ತುಕೊಳ್ಳುತ್ತಾರೆ. ನಿಮ್ಮ ಮೈ ಉರಿಯುವುದಕ್ಕೆ ಕಾರಣ ಈ ಮರ್ಯಾದಸ್ಥ ಕ್ರೌರ್ಯವೇ. ಕೊನೆಯಲ್ಲಿ ಆಫೀಸಿಗೆ ಬೆಂಕಿ ಬಿದ್ದಾಗ ನನಗಂತೂ ಪಾಪ ಅನ್ನಿಸಲಿಲ್ಲ.

ಅಂದ ಹಾಗೆ, ಆ ಸ್ಟೇಪ್ಲರಿಗೆ ಸಿನಿಮಾದವರೇ ಕೆಂಪು ಬಣ್ಣ ಬಳಿದಿದ್ದರು. ಜನ ಕೇಳಿ ಕೇಳಿ, 2002ರಲ್ಲಿ ಸ್ಟೇಪ್ಲರ್ ತಯಾರಿಸುವ ಸ್ವಿಂಗ್‌ಲೈನ್ ಕಂಪನಿ ಕೆಂಪಿನದನ್ನೇ ಮಾರಲು ಶುರು ಮಾಡಿತು.

ಓಡಲಿಲ್ಲ ಎನ್ನುವುದು ನಿಜ. 1999ರ ಫೆಬ್ರವರಿಯಲ್ಲಿ ಬಂತು. ಸುಮಾರು 1 ಕೋಟಿ ಡಾಲರ್ ಖರ್ಚು, ಅಮೆರಿಕದ ಥಿಯೇಟರುಗಳಲ್ಲಿ ಗಳಿಕೆಯೂ ಹೆಚ್ಚುಕಡಿಮೆ ಅಷ್ಟೇ. ಆಮೇಲೆ ಕೇಬಲ್ ಟೀವಿ, ಡಿವಿಡಿ ಅದನ್ನು ಮನೆಮನೆಗೆ ಮುಟ್ಟಿಸಿದವು. ನಿರ್ದೇಶಕ ಮೈಕ್ ಜಡ್ಜ್ ಮೊದಲು ಇಂಜಿನಿಯರ್ ಆಗಿದ್ದವರು. ಮಿಲ್ಟನ್‌ನನ್ನು ಇಟ್ಟುಕೊಂಡು ಪುಟ್ಟ ಕಾರ್ಟೂನುಗಳನ್ನೂ ಮಾಡಿದ್ದರು. ಸಿನಿಮಾ ಹುಟ್ಟಿದ್ದು ಅಲ್ಲಿಂದ.

ಎಲ್ಲವೂ ಚೆನ್ನಾಗಿದೆ ಅನ್ನಲಾರೆ. ಪೀಟರ್ ಮತ್ತು ಗೆಳೆಯರು ಕಂಪನಿಯ ದುಡ್ಡಿನಲ್ಲಿ ಸೆಂಟಿನ ಚೂರುಪಾರು ಕದಿಯುವ ಸಂಚು ಶುರುವಾದ ಮೇಲೆ ಕಥೆ ಸ್ವಲ್ಪ ಎಳೆಯುತ್ತದೆ. ಜೆನಿಫರ್ ಆನಿಸ್ಟನ್ ಮಾಡಿದ ಹೋಟೆಲ್ ಸರ್ವರ್ ಪಾತ್ರಕ್ಕೆ ಸಮವಸ್ತ್ರದ ಬ್ಯಾಡ್ಜ್ ಜಗಳ ಬಿಟ್ಟರೆ ಜಾಸ್ತಿ ಕೆಲಸವಿಲ್ಲ. ಹೊಲದಲ್ಲಿ ಪ್ರಿಂಟರನ್ನು ಚಚ್ಚುವ ದೃಶ್ಯವನ್ನು ಮಾತ್ರ ಇನ್ನೊಮ್ಮೆ ಹಾಕಿಕೊಂಡು ನೋಡಿ.

ಪ್ರಶ್ನೆ: ನಮ್ಮ ಮ್ಯಾನೇಜರಿಗೂ ತೋರಿಸಲಾ?
– ಅದೇ ಓದುಗರು

ಉತ್ತರ: ತೋರಿಸಿ. ನಿಮಗಿಂತ ಜೋರಾಗಿ ನಗುತ್ತಾರೆ. ಲಂಬರ್ಗ್ ಅಂದರೆ ತಮ್ಮ ಮೇಲಿನವರು ಅಂದುಕೊಂಡಿರುತ್ತಾರೆ.