ಲೆಫೆವ್ರ್ ಅವರ ಸಂಘದವರು ಪೋಪರನ್ನು ಒಪ್ಪುತ್ತಾರಾ?

ಕಥೋಲಿಕರಲ್ಲಿ ಹಳೆಯ ಕ್ರಮದ ಲ್ಯಾಟಿನ್ ಬಲಿಪೂಜೆ ಮಾಡುವವರೆಲ್ಲ ಪೋಪರನ್ನೇ ಒಪ್ಪಲ್ಲ ಅಲ್ವಾ ಅಂತ ಕೇಳಿದ್ದೀರಿ. ಹಾಗಲ್ಲ. ಅವರಲ್ಲಿ ಪೋಪರ ಜೊತೆ ತಕರಾರು ಇರುವವರದ್ದೇ ಮುಖ್ಯವಾಗಿ ಎರಡು ಬಣಗಳಿವೆ, ಜನ ಸುಮ್ನೆ ಒಂದೇ ಅಂದುಕೊಳ್ಳುತ್ತಾರೆ.

ಬಲಿಪೂಜೆಯ ಮುಖ್ಯ ಪ್ರಾರ್ಥನೆಯ ಶುರುವಿನಲ್ಲೇ ಗುರುಗಳು ಮೆಲುದನಿಯಲ್ಲಿ 'ಉನಾ ಕುಮ್' ಅನ್ನುತ್ತಾರೆ. ನಮ್ಮ ಪೋಪರ ಜೊತೆ ಒಂದಾಗಿ ಅಂತ ಅರ್ಥ. ಆಮೇಲೆ ಈಗಿನ ಪೋಪರ ಹೆಸರು ಬರುತ್ತದೆ. ಫ್ರಾನ್ಸಿನ ಆರ್ಚ್‌ಬಿಷಪ್ ಮಾರ್ಸೆಲ್ ಲೆಫೆವ್ರ್ 1970ರಲ್ಲಿ ಕಟ್ಟಿದ ಸಂಘದ ಗುರುಗಳು ಆ ಹೆಸರು ಹೇಳುತ್ತಾರೆ. 'ಪೋಪರ ಪೀಠ ಖಾಲಿ ಇದೆ', ಅಂದರೆ ಈಗ ನಿಜವಾದ ಪೋಪರೇ ಇಲ್ಲ ಎನ್ನುವ ಸೆಡೆವೇಕಾಂಟಿಸ್ಟರು ಅದನ್ನು ಬಿಟ್ಟುಬಿಡುತ್ತಾರೆ. ಇಡೀ ಜಗಳ ಆ ಒಂದು ಹೆಸರಿನಲ್ಲಿದೆ.

ಸೆಡೆವೇಕಾಂಟಿಸ್ಟರ ವಾದ ಹೀಗಿದೆ: ನಿಜವಾದ ಪೋಪ್ ಇಡೀ ಧರ್ಮಸಭೆಗೆ (ಚರ್ಚಿಗೆ) ತಪ್ಪು ಬೋಧನೆ ಕೊಡಲಾರರು. 1962–65ರಲ್ಲಿ ಬಿಷಪರೆಲ್ಲ ಸೇರಿ ನಡೆಸಿದ ಎರಡನೇ ವ್ಯಾಟಿಕನ್ ಸಭೆ ತಪ್ಪು ಕಲಿಸಿತು. ಹಾಗಾದರೆ ಅದನ್ನು ಒಪ್ಪಿದವರು ಪೋಪರೇ ಅಲ್ಲ. ಲೆಫೆವ್ರ್ ಕಡೆಯವರು ಅಷ್ಟು ದೂರ ಹೋಗಲಿಲ್ಲ. ಅಪ್ಪ ತಪ್ಪು ಮಾಡಿದರೂ ಅಪ್ಪನೇ, ಆದರೆ ತಪ್ಪು ಮಾತನ್ನು ಕೇಳಬೇಕಿಲ್ಲ ಅನ್ನುವ ನಿಲುವು ಅವರದು.

1870ರ ಮೊದಲ ವ್ಯಾಟಿಕನ್ ಸಭೆ ಪೋಪರ ಎಲ್ಲ ಮಾತೂ ತಪ್ಪಿಲ್ಲದ್ದು ಅಂತ ಹೇಳಲೇ ಇಲ್ಲ. ವಿಶ್ವಾಸ, ನೀತಿಯ ವಿಷಯವನ್ನು ಇಡೀ ಧರ್ಮಸಭೆಗೆ ಅಂತಿಮವಾಗಿ ವಿಧಿಸಿದಾಗ ಮಾತ್ರ ಪೋಪರ ಮಾತು ತಪ್ಪಿಲ್ಲದ್ದು ಅಂದಿತು. ಹಾಗಾಗಿ ಸೆಡೆವೇಕಾಂಟಿಸ್ಟರ ತೀರ್ಮಾನ ನನಗೆ ಒಪ್ಪಿಗೆಯಾಗಲ್ಲ. ಆದರೆ ಅದೇ ಸಭೆ ಪೋಪರಿಗೆ ವಿಧೇಯರಾಗಿರಬೇಕು ಅಂತಲೂ ಹೇಳಿತು. 1988ರಲ್ಲಿ ಪೋಪರ ಅಪ್ಪಣೆಯಿಲ್ಲದೆ ನಾಲ್ವರಿಗೆ ಧರ್ಮಾಧ್ಯಕ್ಷರ (ಬಿಷಪರ) ದೀಕ್ಷೆ ಕೊಟ್ಟ ಲೆಫೆವ್ರ್ ಅವರಿಗೂ ಇದು ಕಷ್ಟದ ಪ್ರಶ್ನೆಯೇ. ಆ ದೀಕ್ಷೆಯಿಂದಾಗಿ ಆ ನಾಲ್ವರ ಮೇಲೆ ಬಿದ್ದಿದ್ದ ಬಹಿಷ್ಕಾರವನ್ನು 2009ರಲ್ಲಿ ಹದಿನಾರನೇ ಬೆನೆಡಿಕ್ಟ್ ತೆಗೆದರು.