ಆಕ್ಸಿಡೆಂಟ್ ಆದ್ಮೇಲೆ ಲಾಯರ್ ಹಿಡಿಯೋದು: ಸೈನ್ ಹಾಕೋಕೆ ಮುಂಚೆ ಇದನ್ನೊಂದು ಓದು

ಮೊದ್ಲು, ನೀವಿಬ್ರೂ ಮನೇಲಿ ಕೂತು ಮಾತಾಡೋ ಸ್ಥಿತೀಲಿದೀರಲ್ಲ, ಅದು ದೊಡ್ಡ ಸಮಾಧಾನ. ನೀನು ಬರೆದಿದ್ದನ್ನ ಎರಡು ಸಲ ಓದ್ದೆ. ಬಂದು ಇನ್ನೂ ಐದು ತಿಂಗ್ಳು, ಎಚ್-1ಬಿ ಕೆಲಸದ ವೀಸಾ, ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಲಿ ಸಿಗ್ನಲ್ ಹತ್ರ ನಿಂತಿದ್ದ ನಿಮ್ಮ ಕಾರಿಗೆ ಯಾರೋ ಹಿಂದಿನಿಂದ ಬಂದು ಗುದ್ದಿದಾನೆ, ನಿಂಗೇನೂ ಆಗಿಲ್ಲ, ಹೆಂಡ್ತಿಗೆ ಕುತ್ತಿಗೆಯಿಂದ ಬಲಗೈ ಬೆರಳವರೆಗೂ ಜೋಮು ಹಿಡಿದಂಗೆ ನೋವು, ಆ ಕಡೆ ಇನ್ಶೂರೆನ್ಸಿನವ್ರು ದಿನಾ ಫೋನ್ ಮಾಡಿ 1,500 ಡಾಲರ್ ಕೊಡ್ತೀವಿ ಸೈನ್ ಹಾಕಿ ಅಂತಿದಾರೆ, ಇನ್ನೊಂದ್ ಕಡೆ ಯಾರೋ ಲಾಯರ್ ಆಫೀಸಿಂದ ಅಂತ ಹೇಳ್ಕೊಂಡು ನಿನ್ನ ನಂಬರ್ ಎಲ್ಲಿಂದ್ಲೋ ಹಿಡ್ಕೊಂಡು ಕರೀತಿದಾರೆ. ಯಾವ ಲಾಯರ್ ಹತ್ರ ಹೋಗ್ಬೇಕು, ಕೇಸ್ ಅಂತ ಹೋದ್ರೆ ವೀಸಾಗೆ ತೊಂದ್ರೆ ಆಗುತ್ತಾ ಅಂತ ಕೇಳಿದೀಯ.

ವೀಸಾ ವಿಷಯ ಮೊದ್ಲು ಮುಗಿಸ್ಬಿಡ್ತೀನಿ, ಯಾಕಂದ್ರೆ ಆ ಭಯಕ್ಕೇ ಎಷ್ಟೋ ಜನ ಕೊಟ್ಟಷ್ಟು ಇಸ್ಕೊಂಡು ಸುಮ್ನಾಗ್ತಾರೆ. ಇದು ಸಿವಿಲ್ ವಿಷಯ, ಪೆಟ್ಟು ತಿಂದವ್ರು ಪರಿಹಾರ ಕೇಳೋದು, ಅಪರಾಧ ಅಲ್ಲ. ಎಚ್-1ಬಿ ಆಗ್ಲಿ, ಅವ್ರ ಮನೆಯವ್ರಿಗೆ ಕೊಡೋ ಎಚ್-4 ಆಗ್ಲಿ ಕ್ಲೇಮ್ ಮಾಡೋ ಹಕ್ಕು ಇಲ್ಲಿ ಹುಟ್ಟಿದವ್ರಿಗೆ ಇರೋಷ್ಟೇ ಇದೆ. ಕ್ಯಾಲಿಫೋರ್ನಿಯಾದಲ್ಲಂತೂ ಇಂಥ ಕೇಸಲ್ಲಿ ಎದುರು ಪಾರ್ಟಿ ನಿನ್ನ ಇಮಿಗ್ರೇಷನ್ ಸ್ಟೇಟಸ್ಸನ್ನ ಸಾಕ್ಷಿಯಾಗಿ ಎಳೆದು ತರೋಹಂಗಿಲ್ಲ ಅಂತ ಕಾನೂನೇ ಇದೆ. ಹೆಂಡ್ತಿ ಕೆಲ್ಸ ಮಾಡಲ್ಲ, ಸಂಬಳ ಹೋಗಿಲ್ಲ, ಹಂಗಾಗಿ ಕೇಳೋಕೆ ಏನಿದೆ ಅಂತ ಬರ್ದಿದೀಯಲ್ಲ, ಅದು ತಪ್ಪು. ಡಾಕ್ಟರ್ ಖರ್ಚು ಬೇರೆ, ಅವಳು ಅನುಭವಿಸ್ತಿರೋ ನೋವಿಗೆ ಅಂತಾನೇ ಬೇರೆ ಪರಿಹಾರ ಇದೆ.

ಆ 1,500ಕ್ಕೆ ಮಾತ್ರ ದಯವಿಟ್ಟು ಸೈನ್ ಹಾಕ್ಬೇಡ. ಅದು ರಿಲೀಸ್ ಪೇಪರ್, ಅಂದ್ರೆ ಇನ್ಮುಂದೆ ಏನೂ ಕೇಳಲ್ಲ ಅಂತ ಬರ್ಕೊಡೋದು. ಸೈನ್ ಆದ್ಮೇಲೆ ನಾಳೆ ಎಂಆರ್‌ಐಲಿ ಡಿಸ್ಕ್ ಜರುಗಿದೆ ಅಂತ ಬಂದ್ರೂ ಆ ಬಾಗಿಲು ಮತ್ತೆ ತೆಗೆಯಲ್ಲ. ಅವ್ರು ರೆಕಾರ್ಡೆಡ್ ಸ್ಟೇಟ್‌ಮೆಂಟ್ ಕೇಳಿದ್ರೆ ಕೊಡ್ಲೇಬೇಕು ಅಂತಿಲ್ಲ, ಆಮೇಲೆ ಮಾತಾಡ್ತೀನಿ ಅಂತ ಮರ್ಯಾದೆಯಿಂದ ಹೇಳಿ ಇಟ್ಬಿಡು. ನಿನ್ನ ಸ್ವಂತ ಇನ್ಶೂರೆನ್ಸಿಗೆ ಮಾತ್ರ ತಿಳಿಸ್ಲೇಬೇಕು, ಪಾಲಿಸೀಲೇ ಹಂಗೆ ಬರ್ದಿರುತ್ತೆ. ಯಾರಿಗಾದ್ರೂ ಪೆಟ್ಟಾಗಿದ್ರೆ ಡಿಎಂವಿಗೆ, ಅಂದ್ರೆ ಇಲ್ಲಿನ ಆರ್‌ಟಿಓಗೆ, 10 ದಿನದೊಳಗೆ ಎಸ್‌ಆರ್-1 ಅನ್ನೋ ಫಾರ್ಮ್ ಕಳಿಸ್ಬೇಕು, ಪೊಲೀಸ್ ರಿಪೋರ್ಟ್ ಆಗಿದ್ರೂ ಕಳಿಸ್ಬೇಕು, ಇವತ್ತೇ ಮಾಡಿ ಮುಗಿಸು. ಮತ್ತೆ ಹೆಂಡ್ತೀನ ಡಾಕ್ಟರ್ ಹತ್ರ ಕರ್ಕೊಂಡ್ ಹೋಗು, ಪೇನ್ ಕಿಲ್ಲರ್ ತಗೊಂಡು ನೋಡೋಣ ಅಂತ ಕೂರ್ಬೇಡ. ನಮ್ಮವ್ರು ನೋವನ್ನ ನುಂಗ್ಕೊಂಡಿರೋದ್ರಲ್ಲಿ ನಿಸ್ಸೀಮರು, ಮೂರು ವಾರ ಬಿಟ್ಟು ಹೋದ್ರೆ ಆ ಮೂರು ವಾರ ಏನೂ ನೋವಿರ್ಲಿಲ್ಲ ಅಂತ ಇನ್ಶೂರೆನ್ಸಿನವ್ರು ವಾದ ಮಾಡ್ತಾರೆ. ಕೇಸಿಗಿಂತ ಮುಂಚೆ ಅವಳ ಕೈ ಮುಖ್ಯ ಅಲ್ವಾ.

ಇನ್ನು ಲಾಯರ್ ಬೇಕೇ ಬೇಕಾ? ಎಲ್ಲ ಆಕ್ಸಿಡೆಂಟಿಗೂ ಬೇಡ. ಬರೀ ಬಂಪರ್ ಹೋಗಿದ್ರೆ ನೀನೇ ಕ್ಲೇಮ್ ಮಾಡ್ಕೋಬಹುದು, ಅವ್ರು ಸತಾಯಿಸಿದ್ರೆ ಸ್ಮಾಲ್ ಕ್ಲೇಮ್ಸ್ ಕೋರ್ಟ್ ಇದೆ, ಕಾರ್ ಡ್ಯಾಮೇಜಿಗೆ 12,500 ಡಾಲರ್ ತನಕ ಒಬ್ಬ ವ್ಯಕ್ತಿ ಅಲ್ಲಿ ಕೇಳ್ಬಹುದು, ಅಲ್ಲಿ ನಿನ್ನ ಪರ ಲಾಯರ್ ನಿಲ್ಲೋ ಹಾಗೇ ಇಲ್ಲ. ಎರಡು ವಾರದಲ್ಲಿ ಹೋಗೋ ಸಣ್ಣ ಮೈಕೈ ನೋವಾದ್ರೂ ಅಷ್ಟೇ, ಲಾಯರ್ ಪಾಲು ಕಳೆದ್ರೆ ಕೈಗೆ ಏನೂ ಉಳಿಯಲ್ಲ. ಆದ್ರೆ ಕೈ ಜೋಮು ಹಿಡೀತಿದೆ ಅಂದ್ರೆ ಅದು ನರದ ವಿಷಯ, ನಿಮ್ಮ ಕೇಸಿಗೆ ಲಾಯರ್ ಬೇಕು ಅಂತ್ಲೇ ನಾನು ಹೇಳೋದು.

ಊರಿಂದ ಬಂದವ್ರಿಗೆ ಇಲ್ಲಿ ಹೈವೇ ಪಕ್ಕ ಲಾಯರ್ ಮುಖ ಹಾಕಿರೋ ಬೋರ್ಡ್ ನೋಡಿದ್ರೆ ವಿಚಿತ್ರ ಅನ್ಸುತ್ತೆ. ನಮ್ಮಲ್ಲಿ ವಕೀಲ್ರು ಜಾಹೀರಾತು ಕೊಡೋಹಂಗಿಲ್ಲ, ಗೆದ್ದ ದುಡ್ಡಲ್ಲಿ ಪಾಲು ತಗೊಳ್ಳೋದನ್ನೂ ಬಾರ್ ಕೌನ್ಸಿಲ್ ಒಪ್ಪಲ್ಲ. ಇಲ್ಲಿ ಎರಡೂ ಕಾನೂನುಬದ್ಧ. ಕೇಸ್ ಗೆದ್ರೆ ಮಾತ್ರ ಫೀಸು, ಅದಕ್ಕೆ ಕಂಟಿಂಜೆನ್ಸಿ ಅಂತಾರೆ. ಆದ್ರೆ ನಿಂಗೆ ಫೋನ್ ಮಾಡ್ತಿದಾರಲ್ಲ, ಅದು ಕಾನೂನುಬದ್ಧ ಅಲ್ಲ. ಪರಿಚಯವೇ ಇಲ್ದೋರಿಗೆ ಹಂಗೆ ತಾವಾಗೇ ಫೋನ್ ಮಾಡಿ, ಆಸ್ಪತ್ರೆ ಹತ್ರ ಕಾದು, ಕೇಸ್ ಹಿಡಿಯೋದು ಕ್ಯಾಲಿಫೋರ್ನಿಯಾದಲ್ಲಿ ನಿಷೇಧ, ಅದಕ್ಕೆ ಏಜೆಂಟ್ ಇಡೋದೂ ನಿಷೇಧ. ನಿಯಮ ಮುರ್ದು ನಿನ್ನ ಹತ್ರ ಬಂದವ್ನು ನಾಳೆ ನಿನ್ನ ದುಡ್ಡಿನ ಲೆಕ್ಕದಲ್ಲಿ ನಿಯಮ ಪಾಲಿಸ್ತಾನೆ ಅಂತ ನಂಗೆ ನಂಬಿಕೆ ಇಲ್ಲ, ಆ ನಂಬರ್ ಬ್ಲಾಕ್ ಮಾಡು.

ನಾನೇ ಇದ್ರಲ್ಲಿ ಏಳು ತಿಂಗ್ಳು ಕಳ್ಕೊಂಡಿದೀನಿ ಅದಕ್ಕೇ ಇಷ್ಟು ಉದ್ದ ಬರೀತಿರೋದು. 2016ರಲ್ಲಿ ಫ್ರೀಮಾಂಟಲ್ಲಿ ನಾನು ಗ್ರೀನ್ ಸಿಗ್ನಲ್ಲಲ್ಲಿ ನೇರ ಹೋಗ್ತಿದ್ದೆ, ಎದುರಿಂದ ಬಂದವ್ನು ಎಡಕ್ಕೆ ತಿರುಗಿಸಿ ನನ್ನ ಮೇಲೆ ತಂದ, ಬಲ ಭುಜ ಹೋಯ್ತು. ಗಾಬರೀಲಿ ಯಾವ ಹೆಸರು ಹೆಚ್ಚು ಕಣ್ಣಿಗೆ ಬಿದ್ದಿತ್ತೋ ಆ ಆಫೀಸಿಗೆ ಫೋನ್ ಮಾಡ್ದೆ. ಅರ್ಧ ಗಂಟೇಲಿ ಪೇಪರ್ ಈಮೇಲಲ್ಲಿ ಬಂತು, ಫೋನಲ್ಲೇ ಬೆರಳಿಂದ ಸೈನ್ ಹಾಕ್ದೆ. ಏಳು ತಿಂಗ್ಳಲ್ಲಿ ಮೂರು ಜನ ಕೇಸ್ ಮ್ಯಾನೇಜರ್ ಬದಲಾದ್ರು, ಲಾಯರ್ ಮುಖ ಒಂದು ಸಲಾನೂ ನೋಡ್ಲಿಲ್ಲ. ಪ್ರತಿ ಹೊಸಬರಿಗೂ ಯಾವ ಭುಜ ಅಂತ ಮೊದಲಿಂದ ಹೇಳ್ಬೇಕಿತ್ತು. ಕೊನೆಗೆ 15,000 ಡಾಲರ್ ಆಫರ್ ಬಂದಿದೆ, ಇಷ್ಟೇ ಬರೋದು, ತಗೊಳ್ಳಿ ಅಂದ್ರು.

ಆಗ ಆಫೀಸಲ್ಲಿ ಜೊತೇಲಿ ಕೂರೋ ಒಬ್ರು ಇನ್ನೊಬ್ಬ ಲಾಯರ್ ಹತ್ರ ಕಳಿಸಿದ್ರು. ಸಣ್ಣ ಆಫೀಸು, ಐವತ್ತು ದಾಟಿದ ಹೆಂಗಸು, ಇಬ್ರೇ ಅಸಿಸ್ಟೆಂಟ್. ಆಯಮ್ಮ ಮೊದ್ಲು ಕೇಳಿದ್ದು ನನ್ನ ಸ್ವಂತ ಕಾರ್ ಇನ್ಶೂರೆನ್ಸಿನ ಡಿಕ್ಲರೇಷನ್ ಪೇಜ್, ಯಾವುದಕ್ಕೆ ಎಷ್ಟು ಕವರ್ ಇದೆ ಅಂತ ಬರ್ದಿರೋ ಹಾಳೆ. ಟೇಬಲ್ ಮೇಲೆ ಇಟ್ಟು ಪೆನ್ಸಿಲ್ಲಲ್ಲಿ ಒಂದು ಸಾಲಿಗೆ ಸುತ್ತು ಹಾಕಿ ನನ್ನ ಕಡೆ ತಿರುಗಿಸಿದ್ರು. ಅಂಡರ್‌ಇನ್ಶೂರ್ಡ್ ಮೋಟರಿಸ್ಟ್, 1,00,000 ಡಾಲರ್, ಅಂದ್ರೆ ಗುದ್ದಿದವ್ನ ಇನ್ಶೂರೆನ್ಸ್ ಸಾಲದಿದ್ರೆ ನಮ್ಮದೇ ಪಾಲಿಸಿ ಕೊಡೋ ಕವರ್. ಎದುರಿನವ್ನ ಪಾಲಿಸಿ ಆಗಿನ ಕಾನೂನಿನ ಕನಿಷ್ಠ ಮೊತ್ತದ್ದು, ಒಬ್ಬರಿಗೆ 15,000 ಮಾತ್ರ, ಅದು ಮುಗಿದ ಮೇಲೆ ಮಿಕ್ಕಿದ್ದನ್ನ ನನ್ನ ಪಾಲಿಸಿಯಿಂದಲೇ 85,000 ತನಕ ಕೇಳ್ಬಹುದಿತ್ತು. ಏಳು ತಿಂಗ್ಳಲ್ಲಿ ಆ ಹಾಳೆ ತೋರ್ಸಿ ಅಂತ ಮೊದಲಿನ ಆಫೀಸಲ್ಲಿ ಒಬ್ರೂ ಕೇಳಿರ್ಲಿಲ್ಲ. ಆಮೇಲೆ ಆಯಮ್ಮ ಈಗ ಏನು ಮಾಡೋಕಾಗಲ್ಲ ನಿಮ್ಗೆ ಅಂತ ಕೇಳಿದ್ರು. ನಾನು ಅಂಥದ್ದೇನಿಲ್ಲ, ಮ್ಯಾನೇಜ್ ಮಾಡ್ತೀನಿ ಅಂದೆ. ಪಕ್ಕದಲ್ಲಿದ್ದ ನನ್ನ ಹೆಂಡ್ತಿ ಸುಮ್ನಿರ್ಲಿಲ್ಲ, ಮಗೂನ ಎತ್ತಿ ಕಾರ್ ಸೀಟಲ್ಲಿ ಕೂರ್ಸೋಕಾಗಲ್ಲ ಇವ್ರಿಗೆ, ನೆಲದ ಮೇಲೆ ಮಂಡಿಯೂರಿ ಕೂತ್ಕೋತಾರೆ, ಅವಳೇ ಇವ್ರ ತೊಡೆ ಮೇಲೆ ಹತ್ತಿ ಒಳಗೆ ಹೋಗ್ತಾಳೆ ಅಂದ್ಳು. ಆಯಮ್ಮ ಪೆನ್ ಎತ್ತಿ ಅದನ್ನ ಅಕ್ಷರ ಅಕ್ಷರ ಬರ್ಕೊಂಡ್ರು. ನಂಗೆ ಆವತ್ತು ಗೊತ್ತಾಯ್ತು ಒಳ್ಳೆ ಲಾಯರ್ ಅಂದ್ರೆ ಏನು ಮಾಡ್ತಾರೆ ಅಂತ.

ಹಂಗಾಗಿ ಮೊದಲ ಭೇಟೀಲಿ ನೀನು ನೋಡ್ಬೇಕಾಗಿರೋದು ಒಂದೇ, ನಿನ್ನ ಫೈಲ್ ಯಾರ ಕೈಯಲ್ಲಿರುತ್ತೆ. ನೇರವಾಗಿ ಕೇಳು, ನಮ್ಮ ಕೇಸ್ ನೀವೇ ನೋಡ್ತೀರಾ, ನಾನು ಫೋನ್ ಮಾಡಿದ್ರೆ ಎಷ್ಟು ದಿನದಲ್ಲಿ ನೀವು ವಾಪಸ್ ಮಾತಾಡ್ತೀರಾ, ಈಗ ನಿಮ್ಮ ಕೈಲಿ ಎಷ್ಟು ಕೇಸಿದೆ. ಕೊನೇ ಸಲ ಜ್ಯೂರಿ ಮುಂದೆ ಯಾವಾಗ ನಿಂತಿದ್ರಿ ಅಂತಾನೂ ಕೇಳು, ಸಂಕೋಚ ಬೇಡ. ಹೆಚ್ಚಿನ ಕೇಸು ಕೋರ್ಟ್ ತನಕ ಹೋಗದೇ ಮುಗಿಯುತ್ತೆ ನಿಜ, ಆದ್ರೆ ಯಾವ ಲಾಯರ್ ಕೋರ್ಟಿಗೆ ಹೋಗೋಕೂ ರೆಡಿ, ಯಾರು ಬಂದಷ್ಟಕ್ಕೆ ಮುಗಿಸ್ತಾರೆ ಅಂತ ಇನ್ಶೂರೆನ್ಸಿನವ್ರಿಗೆ ಚೆನ್ನಾಗಿ ಗೊತ್ತಿರುತ್ತೆ, ಆಫರ್ ಅದರ ಮೇಲೇ ನಿಲ್ಲುತ್ತೆ. ಮೊದಲ ಭೇಟೀಲೇ ಇಷ್ಟು ಲಕ್ಷ ಬರುತ್ತೆ ಅಂತ ಮಾತು ಕೊಟ್ರೆ ಎದ್ದು ಬಾ, ಎಂಆರ್‌ಐ ಕೂಡ ಆಗಿಲ್ದೆ ಅದನ್ನ ಯಾರೂ ಹೇಳೋಕಾಗಲ್ಲ.

ಹೋಗೋ ಮುಂಚೆ ಸ್ಟೇಟ್ ಬಾರ್ ಆಫ್ ಕ್ಯಾಲಿಫೋರ್ನಿಯಾ ವೆಬ್‌ಸೈಟಲ್ಲಿ ಲಾಯರ್ ಹೆಸರು ಹಾಕಿ ನೋಡು, ಲೈಸೆನ್ಸ್ ಆಕ್ಟಿವ್ ಇದೆಯಾ, ಶಿಸ್ತು ಕ್ರಮ ಏನಾದ್ರೂ ಆಗಿದೆಯಾ ಅಂತ ಅಲ್ಲೇ ಕಾಣುತ್ತೆ, ಎರಡು ನಿಮಿಷದ ಕೆಲ್ಸ. ನಮ್ಮವ್ರೇ ಆಗ್ಲಿ, ಭಾಷೆ ಬರ್ಲಿ ಅಂತ ಅನ್ಸೋದು ಸಹಜ, ಆದ್ರೆ ಇಮಿಗ್ರೇಷನ್ ಮಾಡೋ ಪರಿಚಯದವ್ರಿಗೆ ಈ ಕೇಸ್ ಕೊಡ್ಬೇಡ. ಅದರ ಬದ್ಲು ಅವ್ರನ್ನ, ನಿಮ್ಮ ಮನೆಯವ್ರಿಗೇ ಹಿಂಗಾಗಿದ್ರೆ ಯಾರ ಹತ್ರ ಹೋಗ್ತಿದ್ರಿ ಅಂತ ಕೇಳು, ಅದಕ್ಕೆ ಸಿಗೋ ಉತ್ತರ ಯಾವ ರಿವ್ಯೂಗಿಂತಾನೂ ಗಟ್ಟಿ.

ಈಗ ಫೀಸ್ ಪೇಪರ್. ಇದನ್ನ ನಿಧಾನಕ್ಕೆ ಓದು. ಕಂಟಿಂಜೆನ್ಸಿ ಒಪ್ಪಂದ ಬರವಣಿಗೇಲೇ ಇರ್ಬೇಕು, ಒಂದು ಕಾಪಿ ನಿಂಗೆ ಕೊಡ್ಲೇಬೇಕು, ಈ ಪರ್ಸೆಂಟೇಜು ಕಾನೂನು ನಿಗದಿ ಮಾಡಿದ್ದಲ್ಲ, ಮಾತಾಡಿ ಇಳಿಸ್ಕೋಬಹುದು ಅಂತ ಅದರಲ್ಲೇ ಬರ್ದಿರ್ಬೇಕು. ಸಾಮಾನ್ಯವಾಗಿ ಕೋರ್ಟಿಗೆ ಹಾಕೋಕೆ ಮುಂಚೆ ಮುಗಿದ್ರೆ ಮೂರರಲ್ಲಿ ಒಂದು ಭಾಗ, ಕೋರ್ಟಿಗೆ ಹೋದ್ರೆ 40 ಪರ್ಸೆಂಟ್ ಅಂತಾರೆ. ಜನ ಎಡವೋದು ಅಲ್ಲಲ್ಲ, ಕಾಸ್ಟ್ಸ್ ಅನ್ನೋ ಸಾಲಲ್ಲಿ. ಮೆಡಿಕಲ್ ರೆಕಾರ್ಡ್, ಎಕ್ಸ್‌ಪರ್ಟ್ ಡಾಕ್ಟರ್, ಕೋರ್ಟ್ ಫೀ ಇವೆಲ್ಲ ಕಾಸ್ಟ್ಸ್. 60,000ಕ್ಕೆ ಸೆಟಲ್ ಆಯ್ತು, ಕಾಸ್ಟ್ಸ್ 6,000 ಅನ್ಕೋ. ಪೂರ್ತಿ ಮೊತ್ತದ ಮೇಲೆ ಫೀಸ್ ತಗೊಂಡ್ರೆ 20,000 ಫೀಸು, 6,000 ಖರ್ಚು, ಉಳಿಯೋದು 34,000. ಖರ್ಚು ಕಳೆದು ಮಿಕ್ಕ 54,000 ಮೇಲೆ ತಗೊಂಡ್ರೆ ಫೀಸು 18,000, ಉಳಿಯೋದು 36,000. ಒಂದು ಪದದ ವ್ಯತ್ಯಾಸಕ್ಕೆ 2,000. ಕೇಸ್ ಸೋತ್ರೆ ಆ ಕಾಸ್ಟ್ಸ್ ಯಾರು ಕಟ್ಟೋದು ಅನ್ನೋದನ್ನೂ ಕೇಳಿ ಪೇಪರಲ್ಲೇ ಬರ್ಸ್ಕೋ. ಫೀಸಿಲ್ಲ ಅಂದ್ರೆ ಖರ್ಚೂ ಇಲ್ಲ ಅಂತ ಅರ್ಥ ಅಲ್ಲ.

ಆ ಉಳಿದಿದ್ದೂ ಪೂರ್ತಿ ನಿಂದಲ್ಲ. ನಿನ್ನ ಕಂಪನಿ ಹೆಲ್ತ್ ಇನ್ಶೂರೆನ್ಸ್ ಈಗ ಡಾಕ್ಟರಿಗೆ ಕಟ್ಟಿದ್ದನ್ನ ಸೆಟಲ್‌ಮೆಂಟಿಂದ ವಾಪಸ್ ಕೇಳ್ಬಹುದು. ಅದನ್ನ ಚೌಕಾಸಿ ಮಾಡಿ ಇಳಿಸೋದು ಲಾಯರ್ ಕೆಲಸದಲ್ಲಿ ಅರ್ಧ, ಅದನ್ನ ನೀವೇ ಮಾಡ್ತೀರಾ, ಅದಕ್ಕೆ ಬೇರೆ ಫೀಸ್ ಇದೆಯಾ ಅಂತ ಕೇಳು. ಇನ್ನೊಂದು, ಕೆಲವು ಆಫೀಸಲ್ಲಿ ನಮ್ಮ ಡಾಕ್ಟರ್ ಹತ್ರಾನೇ ಹೋಗಿ, ಈಗ ಏನೂ ಕಟ್ಬೇಡಿ, ಲೀನ್ ಮೇಲೆ ನೋಡ್ತಾರೆ ಅಂತಾರೆ, ಅಂದ್ರೆ ಬಿಲ್ಲನ್ನ ಆಮೇಲೆ ಸೆಟಲ್‌ಮೆಂಟ್ ದುಡ್ಡಿಂದ ಹಿಡ್ಕೋತಾರೆ. ಇನ್ಶೂರೆನ್ಸ್ ಇಲ್ದೋರಿಗೆ ಅದು ದೊಡ್ಡ ಸಹಾಯವೇ. ಆದ್ರೆ ನಿಂಗೆ ಒಳ್ಳೆ ಹೆಲ್ತ್ ಪ್ಲಾನ್ ಇದೆ, ಲೀನಲ್ಲಿ ಬಿಲ್ ಪೂರ್ತಿ ದರದಲ್ಲಿ ಬೆಳೀತಾ ಹೋಗಿ ಕೊನೆಗೆ ನಿಮ್ಮ ಪಾಲನ್ನೇ ತಿನ್ನಬಹುದು, ಯಾಕೆ ಬೇಕು ಅಂತ ಕಾರಣ ಕೇಳದೆ ಒಪ್ಬೇಡ. ಕೇಸ್ ಮುಗಿಯೋ ತನಕ ಕೈಸಾಲ ಕೊಡ್ತೀವಿ ಅಂತ ಬರೋ ಕಂಪನಿಗಳ ಹತ್ರ ಹೋಗ್ಲೇಬೇಡ.

ಆಯ್ಕೆ ತಪ್ಪಿದ್ರೆ ಏನು ಅಂತ ಭಯ ಬೇಡ. ಲಾಯರನ್ನ ಯಾವಾಗ ಬೇಕಾದ್ರೂ ಬದಲಾಯಿಸ್ಬಹುದು, ಹಳಬರು ಮಾಡಿದ ಕೆಲಸಕ್ಕೆ ತಕ್ಕಷ್ಟು ಕೇಳ್ತಾರೆ, ನನ್ನ ಕೇಸಲ್ಲಿ ಇಬ್ರೂ ಅದೇ ಮೂರನೇ ಒಂದು ಭಾಗದೊಳಗೇ ಹಂಚ್ಕೊಂಡ್ರು, ನಾನು ಎರಡು ಸಲ ಕಟ್ಲಿಲ್ಲ. ಎಷ್ಟಕ್ಕೆ ಸೆಟಲ್ ಆಗ್ಬೇಕು ಅನ್ನೋ ನಿರ್ಧಾರ ಯಾವಾಗ್ಲೂ ಪೆಟ್ಟು ತಿಂದವ್ರದ್ದು, ಅಂದ್ರೆ ನಿನ್ನ ಹೆಂಡ್ತೀದು, ಬಂದ ಆಫರನ್ನ ಲಾಯರ್ ಮುಚ್ಚಿಡೋಹಂಗಿಲ್ಲ.

ಟೈಮ್ ಬಗ್ಗೆ ಇಷ್ಟು ನೆನಪಿಟ್ಕೋ, ಪೆಟ್ಟಿನ ಕೇಸ್ ಕೋರ್ಟಿಗೆ ಹಾಕೋಕೆ ಸಾಮಾನ್ಯವಾಗಿ 2 ವರ್ಷ, ಆದ್ರೆ ಗುದ್ದಿದ್ದು ಸಿಟಿ ಲಾರಿನೋ ಇಲ್ಲಿನ ಸರ್ಕಾರಿ ಸಾರಿಗೆ ವಿಟಿಎ ಬಸ್ಸೋ ಆಗಿದ್ರೆ 6 ತಿಂಗ್ಳೊಳಗೆ ಆ ಸಂಸ್ಥೆಗೇ ಕ್ಲೇಮ್ ಕೊಡ್ಬೇಕು. ನಿನ್ನದು ಖಾಸಗಿ ಕಾರು ಅಂದಿದೀಯ, ಹಂಗಾಗಿ ಈ ವಾರವೇ ಸೈನ್ ಹಾಕ್ಲೇಬೇಕು ಅಂತ ಯಾರಾದ್ರೂ ಅವಸರ ಮಾಡಿದ್ರೆ ಆ ಅವಸರ ಅವ್ರದ್ದು, ನಿನ್ನದಲ್ಲ. ಮೂರು ಜನರ ಹತ್ರ ಮಾತಾಡು, ಮೊದಲ ಭೇಟಿಗೆ ಹೆಚ್ಚಿನವ್ರು ದುಡ್ಡು ತಗೊಳ್ಳಲ್ಲ.

ಹೋಗೋವಾಗ ಪೊಲೀಸ್ ರಿಪೋರ್ಟ್ ನಂಬರ್, ಕಾರಿನ ಫೋಟೋ, ನಿನ್ನ ಡಿಕ್ಲರೇಷನ್ ಪೇಜ್, ಡಾಕ್ಟರ್ ಪೇಪರ್ ತಗೊಂಡ್ ಹೋಗು. ಇವತ್ತಿಂದ್ಲೇ ಹೆಂಡ್ತಿ ಕೈಲಿ ಒಂದು ಸಣ್ಣ ಬುಕ್ ಕೊಟ್ಟು ದಿನಾ ಎರಡು ಸಾಲು ಬರೆಯೋಕೆ ಹೇಳು, ಯಾವ ಕೆಲಸ ಮಾಡೋಕೆ ಹೋದಾಗ ಕೈ ನಿಂತ್ಹೋಯ್ತು ಅಂತ, ಜಡೆ ಹಾಕೋದಾಗ್ಲಿ ಬಾಟ್ಲಿ ಮುಚ್ಚಳ ತೆಗೆಯೋದಾಗ್ಲಿ. ಶನಿವಾರ ನಾನು ಫ್ರೀ, ಅಪಾಯಿಂಟ್‌ಮೆಂಟ್ ಸಿಕ್ರೆ ನಾನೇ ಕಾರಲ್ಲಿ ಕರ್ಕೊಂಡ್ ಹೋಗ್ತೀನಿ, ಒಳಗೆ ಮಾತ್ರ ನೀವಿಬ್ರೇ ಹೋಗಿ, ಹೊರಗಿನವ್ರು ಕೂತಿದ್ರೆ ಲಾಯರ್ ಜೊತೆ ಆಡಿದ ಮಾತಿನ ಗೌಪ್ಯಕ್ಕೆ ತೊಂದ್ರೆ ಆಗ್ಬಹುದು. ನಾನು ಹೊರಗಡೆ ಕಾಯ್ತಿರ್ತೀನಿ, ಪೇಪರ್ ಕೊಟ್ರೆ ಸೈನ್ ಹಾಕದೆ ಮನೆಗೆ ತಗೊಂಡ್ ಬಾ.