ಬರ ಬಿದ್ದ ವರ್ಷ ರಾಯಚೂರು, ಕೊಪ್ಪಳ ಕಡೆ ವಿದ್ಯಾರ್ಥಿಗಳ ಖರ್ಚು ಹೇಗೆ ಬದಲಾಗುತ್ತದೆ?

ಸಿಂಧನೂರು, ಗಂಗಾವತಿ ಕಡೆ ಹುಡುಗರ ಜೇಬು ತುಂಗಭದ್ರಾ ನಾಲೆಯನ್ನೇ ನಂಬಿಕೊಂಡಿದೆ. 2023ರ ಹಾಗೆ ಮಳೆ ಕೈಕೊಟ್ಟರೆ ಮನೆಯಿಂದ ಬರುವ ದುಡ್ಡು ಮೊದಲು ತಡವಾಗುತ್ತದೆ, ಆಮೇಲೆ ಕಡಿಮೆಯಾಗುತ್ತದೆ. ಹೊಸ ಬಟ್ಟೆ, ಸಿನಿಮಾ ಸುಮ್ನೆ ನಿಂತುಹೋಗುತ್ತವೆ, ಅದು ದೊಡ್ಡ ವಿಷಯವಲ್ಲ. ಊಟ ನೋಡಬೇಕು. ಮೆಸ್ ಬಿಟ್ಟು ನಾಲ್ಕು ಜನ ಸೇರಿ ರೂಮಿನಲ್ಲೇ ಅನ್ನ ಬೇಯಿಸುತ್ತಾರೆ. ಊರ ಬಸ್ಸಿನಲ್ಲಿ ಖಡಕ್ ರೊಟ್ಟಿ, ಶೇಂಗಾ ಹಿಂಡಿಯ (ಚಟ್ನಿಪುಡಿಯ) ಗಂಟು ಬರುತ್ತದೆ. ಸಂಜೆಯ ಒಗ್ಗರಣೆ-ಮಿರ್ಚಿ (ಒಗ್ಗರಣೆ ಹಾಕಿದ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ) ಮಾತ್ರ ಯಾರೂ ಬಿಡುವುದಿಲ್ಲ, ಒಂದು ಪ್ಲೇಟಿಗೆ ಇಬ್ಬರು ಅಷ್ಟೇ! ಮೊಬೈಲ್ ರೀಚಾರ್ಜೂ ನಿಲ್ಲುವುದಿಲ್ಲ.

ಹುಡುಗಿಯರಿಗೆ 2023ರ ಜೂನ್‌ನಿಂದ ಶಕ್ತಿ ಯೋಜನೆಯ ಉಚಿತ ಬಸ್ ಇದೆಯಲ್ವಾ? ಹಾಗಾಗಿ ಬಾಡಿಗೆ ರೂಮು ಬಿಟ್ಟು ಊರಿಂದಲೇ ಓಡಾಡಬಹುದು. ಹುಡುಗರು ಮದುವೆ ಸೀಸನ್ನಿನಲ್ಲಿ ಕೇಟರಿಂಗ್ ಕೆಲಸ ಹಿಡಿಯುತ್ತಾರೆ. ನನ್ನ ಪ್ರಕಾರ ನಿಜವಾದ ಕಷ್ಟ ಪರೀಕ್ಷೆ ಶುಲ್ಕದ್ದು. ಅದನ್ನು ಮುಂದೂಡೋಕೆ ಆಗಲ್ಲ, ಸ್ಕಾಲರ್‌ಶಿಪ್ ಬರುವವರೆಗೆ ಗೆಳೆಯರ ಹತ್ತಿರ ಕೈಗಡವೇ ಗತಿ.